ಮನೆ ಬೇರೆ, ಕಂಪನಿ ಬೇರೆ

ನನ್ನ ಗಂಡನಿಗೆ ತಮ್ಮ ಹೆಸರಿನ ಮೇಲೆ ಬಹಳ ಅಭಿಮಾನ. ವಡೋದರಾದ ಮಕರಪುರದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ಸ್ವಂತ ಉದ್ಯೋಗ ಶುರು ಮಾಡಿದಾಗ, ಲೇತ್ ಯಂತ್ರ ಬರುವ ಮೊದಲೇ ಬೋರ್ಡು ಬಂದಿತ್ತು. ಕೆಂಪು ಹಿನ್ನೆಲೆಗೆ ಹಳದಿ ಅಕ್ಷರ. ಅದರಲ್ಲಿ ಅವರ ಹೆಸರಿತ್ತು, ಅವರಪ್ಪನ ಹೆಸರಿತ್ತು, ಧಾರವಾಡ ಜಿಲ್ಲೆಯ ಅವರ ಊರಿನ ಹೆಸರೂ ಇತ್ತು. ಒಳಗೆ ಏನು ತಯಾರಾಗುತ್ತದೆ ಎಂದು ಬರೆಯಲು ಮಾತ್ರ ಜಾಗ ಉಳಿದಿರಲಿಲ್ಲ.

"ಇದನ್ನ ಓದಿ ಮಂದಿಗೆ ಏನ್ ತಿಳೀಬೇಕ್ರೀ?" ಎಂದೆ.

"ಯಾರು ಮಾಡ್ಯಾರ ಅನ್ನೂದು ತಿಳದ್ರ ಸಾಕು," ಎಂದರು.

ತಯಾರಾಗುತ್ತಿದ್ದದ್ದು ಸ್ಟರರ್. ಬಣ್ಣ ತಯಾರಿಸುವ ಕಾರ್ಖಾನೆಗಳಲ್ಲಿ ಆಳೆತ್ತರದ ಪಾತ್ರೆಗಳಿರುತ್ತವೆ. ಅವುಗಳ ಮೇಲೆ ಕೂತು, ಉದ್ದನೆಯ ಉಕ್ಕಿನ ಕಂಬವನ್ನು ಒಳಗಿಳಿಸಿ, ಒಂದೇ ಸಮನೆ ರಾಸಾಯನಿಕ ಕಲಕುವ ಯಂತ್ರ ಅದು. ಇವರು ಮೊದಲು ಅದೇ ಮಕರಪುರದ ಇನ್ನೊಬ್ಬ ಮಾಲೀಕರ ಕೈಕೆಳಗೆ ಅದನ್ನೇ ಮಾಡುತ್ತಿದ್ದರು. ಇವರು ಕೂತು ಯೋಚಿಸಿ ತಯಾರಿಸಿದ ಒಂದು ನಕ್ಷೆಗೆ ಮಾಲೀಕರು ತಮ್ಮ ಅಳಿಯನ ಹೆಸರು ಹಾಕಿಸಿದ ದಿನ ಕೆಲಸ ಬಿಟ್ಟು ಮನೆಗೆ ಬಂದರು. ಹಾಗಾಗಿ ಬೋರ್ಡಿನ ಮೇಲಿನ ಆ ಹೆಸರುಗಳ ಜಾತ್ರೆಗೆ ಕಾರಣವಿತ್ತು ಎನ್ನುವುದನ್ನು ನಾನು ಒಪ್ಪಲೇಬೇಕು.

ಅದೇ ವಡೋದರಾದ ಮಂಜಲ್‌ಪುರದಲ್ಲಿ ನಮ್ಮದೊಂದು ಸಣ್ಣ ಮನೆಯಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲು ಎಂದು ನಾವು ಕರೆಯುತ್ತಿದ್ದ, ಕರಿಬೇವಿನ ಗಿಡವೊಂದು ನಿಲ್ಲುವಷ್ಟು ನೆಲ. ಇಬ್ಬರ ಹೆಸರಿಗೂ ಇತ್ತು. ಅವರ ಉಳಿತಾಯ, ನನ್ನ ತವರಿನವರು ಹಾಕಿದ ಬಂಗಾರ ಎಲ್ಲ ಸೇರಿ ಆದ ಮನೆ ಅದು. ನಮ್ಮ ಹೆಸರಿಗೆ ಇದ್ದದ್ದು ಅದೊಂದೇ.

ನಾನು ಆಗ ಊರಿನ ಅಲಕಾಪುರಿ ಬಡಾವಣೆಯಲ್ಲಿ ಒಬ್ಬ ಆಡಿಟರರ ಕಚೇರಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಹೋಗುತ್ತಿದ್ದೆ. ಧಾರವಾಡದಲ್ಲಿ ಬಿ.ಕಾಂ. ಮಾಡಿದ್ದು ಅಲ್ಲಿ ಉಪಯೋಗಕ್ಕೆ ಬಂದಿತ್ತು. ಆಡಿಟರ್ ಸಾಹೇಬರದು ಭಾರಿ ಶರೀರ, ಮೆಲುದನಿ. ಕಚೇರಿಯ ಕೆಳಗೇ ಫರ್ಸಾಣದ, ಅಂದರೆ ಕುರುಕಲು ತಿಂಡಿಯ ಅಂಗಡಿಯಿತ್ತು. ಏನಾದರೂ ಬಾಯಾಡಿಸದೆ ಅವರಿಗೆ ಕಾನೂನು ನೆನಪಾಗುತ್ತಿರಲಿಲ್ಲ.

ಒಂದು ದಿನ ಅಹಮದಾಬಾದಿನಿಂದ ಗಂಡ ಹೆಂಡತಿ ಬಂದರು. ಆತ ಬಟ್ಟೆ ವ್ಯಾಪಾರಿ, ತಂಗಿಯ ಗಂಡನ ಜೊತೆ ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟಿದ್ದರು. ಆ ತಂಗಿಯ ಗಂಡ ಇವರಿಗೆ ಹೇಳದೆ ಕೇಳದೆ ಅಂಗಡಿಯ ಹೆಸರಿನಲ್ಲಿ ಸೂರತ್ತಿನಿಂದ ಲಾರಿಗಟ್ಟಲೆ ಮಾಲು ತರಿಸಿ, ಬೆಲೆ ಬಿದ್ದಾಗ ಊರು ಬಿಟ್ಟಿದ್ದ. ಮಾಲು ಕೊಟ್ಟವರು ಈಗ ಇವರ ಮನೆಯನ್ನು ಕೇಳುತ್ತಿದ್ದರು. ಆಕೆ ಗಂಡನ ಕಡೆ ನೋಡದೆ ನೇರವಾಗಿ ಸಾಹೇಬರನ್ನು ಕೇಳಿದರು: "ಅಂಗಡಿ ಅವರಿಬ್ಬರದು. ಮನೆ ನಮ್ಮ ಮಾವನವರು ಕಟ್ಟಿಸಿದ್ದು. ಅಂಗಡಿಯ ಸಾಲಕ್ಕೂ ನನ್ನ ಅಡುಗೆಮನೆಗೂ ಏನು ಸಂಬಂಧ?"

ಸಾಹೇಬರು ಕೈಯಲ್ಲಿದ್ದ ಫಾಫ್ಡಾ ಕೆಳಗಿಟ್ಟರು. ಅವರು ತಿನ್ನುವುದನ್ನು ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಬೆನ್," ಎಂದು ಅಕ್ಕ ಎನ್ನುವ ಗುಜರಾತಿ ಮಾತಿನಲ್ಲಿ ಕರೆದು, "ಪಾಲುದಾರಿಕೆಯಲ್ಲಿ ಅಂಗಡಿಗೂ ಮನೆಗೂ ನಡುವೆ ಗೋಡೆ ಇರುವುದಿಲ್ಲ. ಒಬ್ಬ ಮಾಡಿದ್ದಕ್ಕೆ ಇನ್ನೊಬ್ಬನ ಮನೆಯೂ ಹೊಣೆ," ಎಂದರು. ಆಕೆ ಅಳಲಿಲ್ಲ. ಕುರ್ಚಿಯ ಕೈಯನ್ನು ಹಿಡಿದು ಹಾಗೇ ಕೂತಿದ್ದರು.

ಅವರು ಹೋದಮೇಲೆ ನಾನು ಮೆಲ್ಲಗೆ ಕೇಳಿದೆ: "ಸರ್, ಒಬ್ಬರೇ ತಮ್ಮ ಹೆಸರಿನಲ್ಲಿ ವ್ಯಾಪಾರ ಮಾಡಿದರೆ?"

"ಅಲ್ಲಿ ಪರದೆಯೂ ಇಲ್ಲ," ಎಂದು ಮತ್ತೆ ಫಾಫ್ಡಾ ಎತ್ತಿಕೊಂಡರು. "ಆತನೇ ವ್ಯಾಪಾರ, ವ್ಯಾಪಾರವೇ ಆತ. ಲಿಮಿಟೆಡ್ ಕಂಪನಿ ಮಾಡಿದರೆ ಕಥೆ ಬೇರೆ. ಕಂಪನಿಯ ಸಾಲ ಕಂಪನಿಯದು. ಮಾಲೀಕ ಹಾಕಿದ ಬಂಡವಾಳ ಹೋಗಬಹುದು, ಮನೆ ಹೋಗುವುದಿಲ್ಲ."

ಸಂಜೆ ಮನೆಗೆ ಬಂದವಳೇ ಇವರ ಮುಂದೆ ಎಲ್ಲ ಹೇಳಿದೆ. ಇವರು ಕೇಳಿ, ಮೀಸೆ ತಿರುವಿ, ಎದ್ದು ನಿಂತರು.

"ನಾ ಏನ್ ಕಳ್ಳ ಏನು, ಗ್ವಾಡಿ ಹಿಂದ ಅಡಗಿ ಕೂಡ್ಲಿಕ್ಕೆ? ನಾ ಮಾಡಿದ ಮಷೀನಿಗೆ ನಾನೇ ಜವಾಬ್ದಾರಿ!"

"ನೀವು ಜವಾಬ್ದಾರಿ ಖರೆ. ನಿಮ್ಮ ಮಗಳು ಮಲಗೂ ಕೋಲಿ ಯಾಕ ಜವಾಬ್ದಾರಿ?"

ಇವರು, ಅಣ್ಣನನ್ನು ಕೇಳೋಣ ಎಂದರು. ಇವರ ಅಣ್ಣ, ಅಂದರೆ ನನ್ನ ಭಾವನವರು, ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ವ್ಯಾಪಾರ ಎಂದರೆ ಅವರಿಗೆ ಚಪ್ಪಲಿಯ ಜೊತೆ ಬಾಗಿಲಾಚೆಯೇ ಬಿಟ್ಟು ಬರಬೇಕಾದ ವಿಷಯ. ಮುಂದಿನ ಭಾನುವಾರ ಅವರ ಕ್ವಾರ್ಟರ್ಸಿನಲ್ಲಿ ಜೋಳದ ರೊಟ್ಟಿ ಊಟದ ನಡುವೆ ಮಾತು ಬಂತು.

"ಅಂದ್ರ ತಪ್ಪು ಮಾಡಿ ತಪ್ಪಿಸ್ಕೊಳ್ಳೂ ಹಾದಿ ಇದು," ಎಂದರು ಭಾವನವರು. ಇವರು ನನ್ನ ಕಡೆ ಗೆದ್ದವರಂತೆ ನೋಡಿದರು.

ನಾನು ಇನ್ನೊಂದು ರೊಟ್ಟಿ ಬಡಿಸುತ್ತ ಕೇಳಿದೆ: "ಭಾವನವ್ರ, ನೀವು ಮಾಡಿದ ಉಪಗ್ರಹ ನಾಳೆ ಸಮುದ್ರದಾಗ ಬಿತ್ತಂದ್ರ ನಿಮ್ಮ ಪಿ.ಎಫ್. ಹಿಡೀತಾರೇನ್ರೀ?"

"ಛೆ, ಅದ್ಹೆಂಗ? ಅದು ಸಂಸ್ಥಾದ್ದು."

"ಹಂಗ ಇದು ಕಂಪನೀದು."

ಅಡುಗೆಮನೆಯಿಂದ ನನ್ನ ನೆಗೆಣ್ಣಿ ಜೋರಾಗಿ ನಕ್ಕಳು. ಭಾವನವರು ರೊಟ್ಟಿಯ ಮೇಲೆ ಬೆಣ್ಣೆ ಸವರುವುದರಲ್ಲಿ ಮಗ್ನರಾದರು.

ಆದರೂ ಇವರು ಕೊನೆಗೆ ಒಪ್ಪಿದ್ದು ನನ್ನ ವಾದದಿಂದ ಅಲ್ಲ. ಆಡಿಟರ್ ಸಾಹೇಬರು ಒಂದು ದಿನ ಇವರನ್ನು ಕರೆಸಿ ಎರಡು ಮಾತು ಹೇಳಿದರು. ಕಂಪನಿ ಮಾಡಿದರೂ ಜವಾಬ್ದಾರಿ ಹೋಗುವುದಿಲ್ಲ, ಕಂಪನಿ ತನ್ನ ಕೊನೆಯ ಬೋಲ್ಟ್ ಮಾರಿಯಾದರೂ ಕೊಡಬೇಕಾದ್ದನ್ನು ಕೊಡಬೇಕು, ಅದರಾಚೆಗೆ ಮಾತ್ರ ಗೋಡೆ ಎಂಬುದು ಮೊದಲನೆಯದು. ಕಂಪನಿಯಾದರೆ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ಮ್ಯಾನೇಜಿಂಗ್ ಡೈರೆಕ್ಟರ್ ಎಂದು ಹಾಕಿಸಬಹುದು ಎಂಬುದು ಎರಡನೆಯದು. ಮೊದಲನೆಯ ಮಾತು ಇವರ ಮನಸ್ಸಿಗೆ ನಾಟಿತು ಎಂದು ಇವರು ಇಂದಿಗೂ ಹೇಳುತ್ತಾರೆ.

ಗುಜರಾತಿನ ಕಂಪನಿಗಳೆಲ್ಲ ನೋಂದಣಿಯಾಗುವುದು ಅಹಮದಾಬಾದಿನಲ್ಲಿ. ಇವರು ಬಯಸಿದ ಹೆಸರನ್ನು ಅಲ್ಲಿಯವರು ಒಪ್ಪಲಿಲ್ಲ. ಅಂಥದ್ದೇ ಹೆಸರಿನ ಕಂಪನಿ ಆಗಲೇ ಇತ್ತು. ಮನೆದೇವರ ಹೆಸರು ಕಳಿಸಿದರೆ ಅದೂ ವಾಪಸ್ಸು. ಕೊನೆಗೆ ಸಿಕ್ಕ ಹೆಸರಿನಲ್ಲಿ ಇವರೂ ಇರಲಿಲ್ಲ, ಇವರಪ್ಪನೂ ಇರಲಿಲ್ಲ, ಊರೂ ಇರಲಿಲ್ಲ. ಯಂತ್ರದ ಹೆಸರು ಮಾತ್ರ ಇತ್ತು. ಹೊಸ ಬೋರ್ಡು ಏರಿದ ಮೇಲೆಯೇ ಆ ಓಣಿಯ ಜನಕ್ಕೆ ಶೆಡ್ಡಿನಲ್ಲಿ ಏನು ತಯಾರಾಗುತ್ತದೆ ಎಂದು ತಿಳಿದದ್ದು.

ಕಂಪನಿಗೆ ಇಬ್ಬರು ಡೈರೆಕ್ಟರುಗಳು ಬೇಕು. ಹಾಗೆ ನಾನೂ ಡೈರೆಕ್ಟರ್ ಆದೆ. ಊರಿಗೆ ಫೋನು ಮಾಡಿ ಅವ್ವನಿಗೆ ಹೇಳಿದೆ. "ಸಿನಿಮಾದ್ದೇನವಾ?" ಎಂದು ಅವಳು ಗಾಬರಿಯಾದಳು.

ಆ ಗೋಡೆ ಕಾಗದದ ಮೇಲಿದ್ದರೆ ಸಾಲದು ಎಂದು ಸಾಹೇಬರು ಎಚ್ಚರಿಸಿದ್ದರು. ಕಂಪನಿಯ ದುಡ್ಡಿನಲ್ಲಿ ಮನೆಗೆ ತರಕಾರಿ, ಮನೆಯ ದುಡ್ಡಿನಲ್ಲಿ ಕಂಪನಿಗೆ ಡೀಸೆಲ್ ಎಂದು ನೀವೇ ಕಲಸಿಬಿಟ್ಟರೆ, ನಾಳೆ ನ್ಯಾಯಾಧೀಶರು, ನಿಮಗೇ ಬೇರೆ ಮಾಡಲು ಆಗದ್ದನ್ನು ನಾನು ಹೇಗೆ ಬೇರೆ ಮಾಡಲಿ ಎಂದು ಕೇಳಬಹುದು ಎಂದಿದ್ದರು. ಅದನ್ನು ನಾನು ಸ್ವಲ್ಪ ಹೆಚ್ಚಾಗಿಯೇ ಮನಸ್ಸಿಗೆ ತೆಗೆದುಕೊಂಡೆ. ಕಂಪನಿಯ ಸ್ಕೂಟರಿನಲ್ಲಿ ಕೊತ್ತಂಬರಿ ತರಲು ಬಿಡಲಿಲ್ಲ. ಬೇಸಿಗೆಯಲ್ಲಿ ಇವರು ಮನೆಯ ಟೇಬಲ್ ಫ್ಯಾನನ್ನು ಶೆಡ್ಡಿಗೆ ಒಯ್ದಾಗ ಕಂಪನಿಯಿಂದ ಬಾಡಿಗೆ ವಸೂಲು ಮಾಡಿದೆ. ಶೆಡ್ಡಿನ ಫೋನಿನಿಂದ ಇವರು ಊರಿನ ಗೆಳೆಯನ ಜೊತೆ ಹರಟಿದರೆ ಅದರ ಖರ್ಚು ಇವರ ಸಂಬಳದಲ್ಲಿ ಮುರಿದುಕೊಂಡೆ. ನಮ್ಮ ಮಗಳಿಗೆ ಇದೊಂದು ಆಟವಾಗಿತ್ತು. ಅವಳ ಕನ್ನಡ ಅಷ್ಟಕ್ಕಷ್ಟೇ, ಆದರೆ ಚಾಡಿ ಹೇಳಲು ಸಾಕಾಗುತ್ತಿತ್ತು: "ಮಮ್ಮೀ, ಪಪ್ಪಾ ಕಂಪನಿ ಕಾ ಪೆನ್ ಮನಿಗೆ ತಂದಾರು!"

"ಇದು ಮನಿಯೋ, ಚೆಕ್ ಪೋಸ್ಟೋ?" ಎಂದು ಇವರು ಗೊಣಗುತ್ತಿದ್ದರು.

ಈ ನಡುವೆ ಬ್ಯಾಂಕಿನಿಂದ ಸಾಲ ಬೇಕಾಯಿತು. ದೊಡ್ಡ ಸಾಲ ಕೊಡಲು ಬ್ಯಾಂಕಿನ ಮ್ಯಾನೇಜರು ತಯಾರಿದ್ದರು, ಆದರೆ ಇಬ್ಬರೂ ಸ್ವಂತ ಜಾಮೀನು ಹಾಕಿ ಮನೆಯನ್ನು ಒತ್ತೆ ಇಡಬೇಕಿತ್ತು. ಇವರು ಆಗಲೇ ಪೆನ್ನಿನ ಕ್ಯಾಪ್ ತೆಗೆದಿದ್ದರು. ನಾನು ಮ್ಯಾನೇಜರನ್ನು ಕೇಳಿದೆ: "ಕಂಪನಿ ಕೊಡದಿದ್ದರೆ ಮನೆ ಕೊಡಬೇಕು ಅಂತ ತಾನೇ ಇದರ ಅರ್ಥ?"

"ಬರೀ ಫಾರ್ಮಾಲಿಟಿ ಮೇಡಂ."

"ಬರೀ ಫಾರ್ಮಾಲಿಟಿ ಆದರೆ ಬಿಟ್ಟುಬಿಡಿ," ಎಂದೆ.

ಅವರು ಬಿಡಲಿಲ್ಲ, ನಾನು ಸಹಿ ಹಾಕಲಿಲ್ಲ. ಇಷ್ಟು ಕಷ್ಟಪಟ್ಟು ಕಟ್ಟಿದ ಗೋಡೆಗೆ ನಾವೇ ಬಾಗಿಲು ಕೊರೆದುಕೊಟ್ಟಂತೆ ಎಂದು ನನಗನ್ನಿಸಿತ್ತು. ಕೊನೆಗೆ ಲೇತ್ ಯಂತ್ರದ ಮೇಲಷ್ಟೇ ಒಂದು ಸಣ್ಣ ಸಾಲ ಸಿಕ್ಕಿತು. ಇವರು ಕನಸು ಕಂಡಿದ್ದ ದೊಡ್ಡ ಯಂತ್ರ ಬರಲಿಲ್ಲ. ಅಂದು ಸ್ಕೂಟರಿನಲ್ಲಿ ಮಂಜಲ್‌ಪುರದವರೆಗೂ ನಾನು ಇವರ ಹಿಂದೆ ಕೂತಿದ್ದೆ. ಬೆನ್ನು ನೋಡಿಯೇ ಸಿಟ್ಟಿನ ಅಳತೆ ತಿಳಿಯುತ್ತಿತ್ತು.

ಒಂದೆರಡು ವರ್ಷ ಚೆನ್ನಾಗಿಯೇ ನಡೆಯಿತು. ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಒಬ್ಬ ಶೇಠರು ತಮ್ಮ ಬಣ್ಣದ ಕಾರ್ಖಾನೆಯ ಎಲ್ಲ ಪಾತ್ರೆಗಳಿಗೂ ನಮ್ಮ ಸ್ಟರರ್‌ಗಳನ್ನೇ ಹಾಕಿಸಿಕೊಂಡರು. ಒಂದು ಚಳಿಗಾಲದಲ್ಲಿ ಅವುಗಳ ಪೈಕಿ ಒಂದರಲ್ಲಿ ಗೇರ್‌ಬಾಕ್ಸಿನ ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಸೀಲು ಹರಿದು, ಎಣ್ಣೆ ಹನಿಹನಿಯಾಗಿ ಬಣ್ಣದೊಳಗೆ ಬಿತ್ತು. ಯಾರ ಗಮನಕ್ಕೂ ಬರಲಿಲ್ಲ. ಆ ಬಣ್ಣ ಸೀರೆ ತಯಾರಿಸುವವರ ಬಳಿಗೆ ಹೋಯಿತು, ಸೀರೆಗಳಿಗೆ ಏರಿತು, ಎಣ್ಣೆಯಿದ್ದ ಕಡೆಯೆಲ್ಲ ಹಿಡಿಯದೆ ತೊನ್ನಿನಂತೆ ಬಿಳಿ ಮಚ್ಚೆ ಬಿಟ್ಟಿತು. ಸೀರೆಯವರು ಶೇಠರನ್ನು ಹಿಡಿದರು, ಶೇಠರು ನಮ್ಮನ್ನು ಹಿಡಿದರು. ಅವರು ಫೋನಿನಲ್ಲಿ ಹೇಳಿದ ನಷ್ಟಕ್ಕೆ ನಮ್ಮ ಶೆಡ್ಡಿನಲ್ಲಿದ್ದದ್ದನ್ನೆಲ್ಲ ತೂಕಕ್ಕೆ ಮಾರಿದರೂ ಸಾಲುತ್ತಿರಲಿಲ್ಲ. ಇವರು ಸೂರತ್ತಿಗೆ ಹೋಗಿ ಆ ಸೀಲನ್ನು ನೋಡಿ ಬಂದರು. ಕಡಿಮೆ ಬೆಲೆಗೆ ಸಿಕ್ಕಿತೆಂದು ತರಿಸಿದ ಹೊಸ ಸೀಲು ಅದು. ಮನೆಗೆ ಬಂದು ಊಟ ಬೇಡ ಎಂದರು. ನನಗೆ ಮದುವೆಯಾದಾಗಿನಿಂದ ಈ ಮನುಷ್ಯನನ್ನು ಚುಡಾಯಿಸಿಯೇ ಅಭ್ಯಾಸ. ಅಂದು ಮಾತ್ರ ಅನ್ನ ಮುಚ್ಚಿಟ್ಟು ಇವರ ಪಕ್ಕ ಕೂತೆ.

ಮುಂದಿನ ಭಾನುವಾರ ಮಧ್ಯಾಹ್ನ ಶೇಠರು ತಾವೇ ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ಮಚ್ಚೆ ಬಿದ್ದ ನೀಲಿ ಸೀರೆ, ಇನ್ನೊಂದು ಕೈಯಲ್ಲಿ ಪೊಟ್ಟಣ. ಸೂರತ್ತಿನವರು ಜಗಳಕ್ಕೆ ಹೋಗುವಾಗಲೂ ಬರಿಗೈಯಲ್ಲಿ ಹೋಗುವುದಿಲ್ಲ. ಪೊಟ್ಟಣ ಬಿಚ್ಚಿದರೆ ಪೋಂಕ್, ಅಂದರೆ ಹಸಿ ಜೋಳದ ತೆನೆ ಸುಟ್ಟು ಬಿಡಿಸಿದ ಹಸಿರು ಕಾಳು, ಜೊತೆಗೆ ನಿಂಬೆಹುಳಿಯ ಸೇವ್.

"ಅಯ್ಯ, ಇದು ನಮ್ಮ ಸೀತನಿ!" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ನಮ್ಮೂರಲ್ಲೂ ಇದನ್ನು ತಿನ್ನುತ್ತಾರೆ ಎಂದು ಹಿಂದಿಯಲ್ಲಿ ಹೇಳಿದೆ. ಶೇಠರಿಗೆ ಕ್ಷಣಕಾಲ ಬಂದ ಕೆಲಸ ಮರೆತುಹೋಯಿತು. "ಕರ್ನಾಟಕದಲ್ಲೂ ಪೋಂಕ್ ಉಂಟೇ? ಅಲ್ಲಿ ಯಾವುದರ ಜೊತೆ?" ಎಂದು ವಿಚಾರಿಸಿದರು. ಬೆಲ್ಲ ಎಂದೆ. ಅವರು ಕರುಣೆಯಿಂದ ತಲೆಯಾಡಿಸಿದರು.

ಆಮೇಲೆ ಸೀರೆಯನ್ನು ಸೋಫಾದ ಮೇಲೆ ಹರವಿದರು. ಮಚ್ಚೆಗಳು ಒಂದೊಂದೂ ಅಂಗೈ ಅಗಲ ಇದ್ದವು. ಇವರು ತಲೆ ತಗ್ಗಿಸಿದರು. ಶೇಠರು ಗೋಡೆ, ಸೂರು, ಹಿತ್ತಲ ಬಾಗಿಲು ಎಲ್ಲದರ ಮೇಲೆ ನಿಧಾನಕ್ಕೆ ಕಣ್ಣಾಡಿಸಿ, "ಭಾಯ್, ಮನೆ ಸ್ವಂತದ್ದೇ?" ಎಂದು ಕೇಳಿದರು.

"ಸ್ವಂತದ್ದು," ಎಂದರು ಇವರು. ಆ ಹೊತ್ತಿನಲ್ಲೂ ದನಿಯಲ್ಲಿ ಸಣ್ಣ ಹೆಮ್ಮೆ.

ನಾನು ಚಹಾ ಇಡುತ್ತ ಹೇಳಿದೆ: "ಮನೆ ನಮ್ಮಿಬ್ಬರದು, ಶೇಠ್‌ಜೀ. ಸ್ಟರರ್ ಮಾರಿದ್ದು ಕಂಪನಿ."

"ಏ, ನೀ ಸುಮ್ಮನಿರು," ಎಂದು ಇವರು ಎದ್ದೇಬಿಟ್ಟರು. ಶೇಠರ ಕಡೆ ತಿರುಗಿ ಹಿಂದಿಯಲ್ಲಿ, "ನನ್ನ ಕೈಯಿಂದಾದ ತಪ್ಪು. ಈ ಮನೆ ಮಾರಿ ನಿಮ್ಮ ನಷ್ಟ ತುಂಬಿಕೊಡುತ್ತೇನೆ," ಎಂದರು.

ಯಾವ ಕೋರ್ಟೂ ಕೇಳಲಾಗದ್ದನ್ನು ಈ ಮನುಷ್ಯ ತಾವಾಗಿ ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ನಾನು ಹೇಳಿದೆ: "ಕಂಪನಿಯಲ್ಲಿ ಇರುವುದೆಲ್ಲ ನಿಮ್ಮದು, ಶೇಠ್‌ಜೀ. ಯಂತ್ರ, ಸ್ಕೂಟರು, ಬ್ಯಾಂಕಿನಲ್ಲಿರುವುದು, ಏನನ್ನೂ ಮುಚ್ಚಿಡುವುದಿಲ್ಲ. ಆದರೆ ಈ ಮನೆಯಲ್ಲಿ ನನ್ನದೂ ಅರ್ಧ. ನನ್ನ ಅರ್ಧ ನಾನು ಮಾರುವುದಿಲ್ಲ. ಅವರ ಅರ್ಧ ಬೇಕಾದರೆ ಈ ಸೋಫಾ ಇರುವ ಕಡೆ ನೀವು ಬಂದು ವಾಸ ಮಾಡಬೇಕಾಗುತ್ತದೆ."

ಶೇಠರು ಚಹಾ ಬಸಿಗೆ ಸುರಿದುಕೊಂಡು, ಸದ್ದು ಮಾಡುತ್ತ ಕುಡಿದು ಮುಗಿಸಿದರು. ಆಮೇಲೆ ನಕ್ಕರು.

"ಭಾಯ್, ನನ್ನ ಫ್ಯಾಕ್ಟರಿಯೂ ಪ್ರೈವೇಟ್ ಲಿಮಿಟೆಡ್ಡೇ. ಸೀರೆಯವರು ನನ್ನ ಮನೆ ಕೇಳಿದರೆ ಕೊಡುತ್ತೇನೆಯೇ? ನೀವು ಮನೆಯನ್ನು ಜಾಮೀನಾಗಿ ಬರೆದುಕೊಟ್ಟಿಲ್ಲದಿದ್ದರೆ ಅದನ್ನು ಮುಟ್ಟಲಾಗುವುದಿಲ್ಲ ಎಂದು ವಕೀಲ ಮೊದಲೇ ಹೇಳಿದ್ದ. ಆದರೂ ಒಂದು ಸಲ ಕೇಳಿ ನೋಡೋಣ ಎಂದು ಬಂದೆ. ಕೆಲವರು ಕೇಳಿದರೆ ಕೊಟ್ಟುಬಿಡುತ್ತಾರೆ."

"ನಾನು ಕೊಡುತ್ತಿದ್ದೆ," ಎಂದರು ಇವರು ಸಣ್ಣ ದನಿಯಲ್ಲಿ.

"ಅದು ಗೊತ್ತಾಯಿತು. ತೆಗೆದುಕೊಂಡೂ ಬಿಡುತ್ತಿದ್ದೆನೋ ಏನೋ. ಆಮೇಲೆ ನನ್ನ ಉಳಿದ ಸ್ಟರರ್‌ಗಳನ್ನು ಯಾರು ನೋಡಿಕೊಳ್ಳುತ್ತಿದ್ದರು? ಮನೆ ಕಳೆದುಕೊಂಡವನು ನನ್ನ ಪಾತ್ರೆಯ ಮೇಲೆ ಹತ್ತಿ ನಟ್ಟು ಬಿಗಿಯುತ್ತಾನೆಂದರೆ ನನಗೆ ಕೆಳಗೆ ನಿಲ್ಲಲು ಭಯ," ಎಂದು ಪೋಂಕಿಗೆ ಕೈ ಹಾಕಿದರು.

ಅಂದು ಸಂಜೆಯೊಳಗೆ ಒಪ್ಪಂದವಾಯಿತು. ಕಂಪನಿಯ ಬ್ಯಾಂಕ್ ಖಾತೆಯಲ್ಲಿದ್ದದ್ದು, ಲೇತ್ ಬ್ಯಾಂಕಿನ ಒತ್ತೆಯಲ್ಲಿದ್ದುದರಿಂದ ಶೆಡ್ಡಿನ ಕೊರೆಯುವ ಯಂತ್ರ ಮಾರಿ ಬಂದದ್ದು ಶೇಠರಿಗೆ. ಎಲ್ಲ ಸ್ಟರರ್‌ಗಳಿಗೂ ಒಳ್ಳೆಯ ಸೀಲು ಹಾಕಿಕೊಡಬೇಕು, ಮುಂದಿನ ಹೊಸ ಯಂತ್ರಗಳನ್ನು ಲಾಭವಿಲ್ಲದೆ ಮಾಡಿಕೊಡಬೇಕು. ಉಳಿದದ್ದನ್ನು ಶೇಠರು ಬಿಟ್ಟರು. ಕಂಪನಿಯ ಸ್ಕೂಟರೂ ಹೋಯಿತು. ಮ್ಯಾನೇಜಿಂಗ್ ಡೈರೆಕ್ಟರರು ಎಷ್ಟೋ ತಿಂಗಳು ಸೀಟಿಗಿಷ್ಟೆಂದು ಜನ ತುಂಬುವ ಶಟಲ್ ರಿಕ್ಷಾದಲ್ಲಿ, ಡ್ರೈವರನ ಪಕ್ಕ ಅರ್ಧ ದೇಹ ಹೊರಗಿಟ್ಟು ಮಕರಪುರಕ್ಕೆ ಹೋದರು. ಅವರಿಗೆ ಸಂಬಳವಿರಲಿಲ್ಲ. ಅಲಕಾಪುರಿಯ ನನ್ನ ಕೆಲಸ ಅರ್ಧ ದಿನದಿಂದ ಪೂರ್ತಿ ದಿನಕ್ಕೆ ಬೆಳೆಯಿತು, ಅದರಲ್ಲಿ ಮನೆ ನಡೆಯಿತು. ಕಷ್ಟವೇ ಆಯಿತು. ಆದರೆ ನಮ್ಮ ಬಾಗಿಲು, ನಮ್ಮ ಒಲೆ, ಮಗಳ ಶಾಲೆ ಇದ್ದಲ್ಲೇ ಇದ್ದವು. ಅಹಮದಾಬಾದಿನ ಆ ಹೆಂಗಸು ಕುರ್ಚಿಯ ಕೈ ಹಿಡಿದು ಕೂತಿದ್ದದ್ದು ಆ ದಿನಗಳಲ್ಲಿ ನನಗೆ ಎಷ್ಟೋ ಸಲ ನೆನಪಾಗುತ್ತಿತ್ತು.

ಹೊಸ ಯಂತ್ರಗಳೆಲ್ಲ ಕೂತ ಮೇಲೆ ಶೇಠರು ಫೋನು ಮಾಡಿ, ಈ ಸಲ ಬೆನ್ ಕೂಡ ಬರಬೇಕು, ಅವರೂ ಡೈರೆಕ್ಟರಲ್ಲವೇ ಎಂದರು. ಇಷ್ಟು ವರ್ಷ ಡೈರೆಕ್ಟರಾಗಿದ್ದರೂ ನಮ್ಮ ಯಂತ್ರ ಕೆಲಸ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ಸಚಿನ್ನಿಗೆ ಹೋದೆವು. ಸೀರೆಯ ನೆರಿಗೆ ಎತ್ತಿ ಕಟ್ಟಿ ಕಬ್ಬಿಣದ ಏಣಿ ಹತ್ತಿ ಬಗ್ಗಿ ನೋಡಿದರೆ, ಕೆಳಗೆ ಕಡುನೀಲಿ ಬಣ್ಣ ಮೆಲ್ಲಗೆ ಸುತ್ತುತ್ತಿತ್ತು, ನಡುವೆ ಸಣ್ಣ ಸುಳಿ. ಮೂಗು ಉರಿಯುವ ವಾಸನೆ. ಇವರು ಒಂದೊಂದು ಗೇರ್‌ಬಾಕ್ಸಿಗೂ ಕಿವಿ ಹಚ್ಚಿ ಕಣ್ಣು ಮುಚ್ಚಿ ಕೇಳುತ್ತ, ಸೀಲಿನ ಸುತ್ತ ಬೆರಳು ಸವರಿ ಒಣಗಿದೆಯೋ ಎಂದು ನೋಡುತ್ತ ಮುಂದೆ ಹೋಗುತ್ತಿದ್ದರು. ನಾನು ಹಿಂದೆ ನಿಂತದ್ದು ಅವರಿಗೆ ಗೊತ್ತೇ ಇರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು. ಭರೂಚ್ ದಾಟಿದ ಮೇಲೆ ಕೇಳಿದರು: "ಅವತ್ತ ನಾ ಖರೇನ ಮಾರತಿದ್ದೆ, ಗೊತ್ತೇನು?"

"ಗೊತ್ತು."

"ಸಿಟ್ಟು ಬರಲಿಲ್ಲೇನು ನಿನಗ?"

"ಬಂತು," ಎಂದೆ. "ಆದ್ರ ನೀವು ಹಂಗ ಅನ್ನಲಿಲ್ಲ ಅಂದಿದ್ರ, ಶೇಠರು ಉಳಿದದ್ದನ್ನ ಬಿಡತಿದ್ರೋ ಇಲ್ಲೋ."

ಇವರು ಜೇಬಿನಿಂದ ಕಾರ್ಡುಗಳ ಕಟ್ಟು ತೆಗೆದರು. ಆಮೇಲೆ ಎದುರಿಗೆ ಕೂತಿದ್ದ ಅಪರಿಚಿತರಿಗೆ ತಮ್ಮ ವಿಸಿಟಿಂಗ್ ಕಾರ್ಡ್ ಕೊಟ್ಟು, ಲಿಮಿಟೆಡ್ ಕಂಪನಿ ಮಾಡುವುದರ ಲಾಭಗಳನ್ನು ವಡೋದರಾ ಸ್ಟೇಷನ್ ಬರುವವರೆಗೂ ಹಿಂದಿಯಲ್ಲಿ ವಿವರಿಸಿದರು. ಎಲ್ಲವೂ ಮೊದಲಿನಿಂದಲೂ ಅವರದೇ ವಿಚಾರವಾಗಿತ್ತಂತೆ. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಅಡ್ಡ ಬಾಯಿ ಹಾಕಲಿಲ್ಲ.